ನುಡಿ–ಯೂನಿಕೋಡ್ ಪರಿವರ್ತಕ, ಈ ತಿಂಗಳ ಪ್ರಗತಿ: ಅರ್ಕಾವತ್ತಿನ ದೋಷ ಪತ್ತೆ

ಕನ್ನಡ ಬೆರಳಚ್ಚಿನ ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ರೂಪ ಕೊಟ್ಟ ಫಾಂಟ್) ಬೆರಳಚ್ಚಾದ ಕಡತಗಳನ್ನು ಎಲ್ಲ ಭಾಷೆಗಳ ಲಿಪಿಗೂ ಸಾಮಾನ್ಯ ಸಂಕೇತವಾದ ಯೂನಿಕೋಡ್‌ಗೆ ಬದಲಿಸುವ ನಮ್ಮ ಹವ್ಯಾಸಿ ಪರಿವರ್ತಕಕ್ಕೆ ಈ ತಿಂಗಳು ಹೊಸ ಸೌಲಭ್ಯವೇನೂ ಸೇರಲಿಲ್ಲ. ಸಿಕ್ಕ ಬಿಡುವೆಲ್ಲ ಒಂದೇ ದೋಷದ ಬೆನ್ನು ಹತ್ತುವುದರಲ್ಲಿ ಕಳೆಯಿತು. ‘ಕಾರ್ಯ’, ‘ಸೂರ್ಯ’ ಸರಿಯಾಗಿಯೇ ಬರುತ್ತಿದ್ದವು. ಆದರೆ ‘ನಿರ್ದೇಶಕ’ ಎಂಬಲ್ಲಿ ‘ರ್’ ಹೋಗಿ ‘ದೆ’ಗೂ ಅದರ ದೀರ್ಘ ಚಿಹ್ನೆಗೂ ನಡುವೆ ಕುಳಿತುಬಿಡುತ್ತಿತ್ತು. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ದಾಖಲಾಗುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಹಾಗಾಗಿ ಪರಿವರ್ತಕವು ಒತ್ತು, ಸ್ವರಚಿಹ್ನೆಗಳ ಸಮೇತ ಇಡೀ ಅಕ್ಷರವನ್ನು ದಾಟಿ ‘ರ್’ ಅನ್ನು ಅದರ ಮುಂದೆ ಇಡಬೇಕಾಗುತ್ತದೆ.

ಹಿಂದಿನ ಬಿಡುಗಡೆಯಲ್ಲಿ ಇದೇ ಪದ ಸರಿಯಾಗಿತ್ತು. ನಡುವೆ ಆದ ಬದಲಾವಣೆಗಳನ್ನು ಒಂದೊಂದಾಗಿ ಓದುವ ಬದಲು, ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶವಾದ ಗಿಟ್‌ನ ಬೈಸೆಕ್ಟ್ ಆದೇಶವನ್ನು ಬಳಸಿದೆವು. ಸರಿಯಿದ್ದ ಕಮಿಟ್ (ಹೀಗೆ ದಾಖಲಾದ ಒಂದು ಬದಲಾವಣೆ) ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಸಿದರೆ ಅದು ನಡುವಿನ ಒಂದನ್ನು ತೆಗೆದುಕೊಟ್ಟು, ಪ್ರತಿ ಪರೀಕ್ಷೆಯ ನಂತರ ಹುಡುಕಬೇಕಾದ ವ್ಯಾಪ್ತಿಯನ್ನು ಅರ್ಧಕ್ಕೆ ಇಳಿಸುತ್ತದೆ. ಸಾವಿರ ಕಮಿಟ್‌ಗಳಿದ್ದರೂ ಸುಮಾರು 10 ಪರೀಕ್ಷೆಗಳು ಸಾಕು. ಪರೀಕ್ಷೆಯನ್ನು ಒಂದು ಪುಟ್ಟ ಸ್ಕ್ರಿಪ್ಟ್‌ಗೆ ವಹಿಸಿದರೆ, ಅದು 0 ಹಿಂತಿರುಗಿಸಿದಾಗ ಸರಿ, 1 ಎಂದಾಗ ತಪ್ಪು, 125 ಎಂದಾಗ ಪರೀಕ್ಷಿಸಲಾಗದ ಕಮಿಟ್ ಎಂದು ತಿಳಿದು ಗಿಟ್ ತಾನೇ ಮುಂದುವರಿಯುತ್ತದೆ.

ಸಿಕ್ಕಿಬಿದ್ದದ್ದು ಎರಡೇ ಸಾಲಿನ ಬದಲಾವಣೆ: ದೀರ್ಘ ಚಿಹ್ನೆಯನ್ನು ಸೇರಿಸುವ ನಿಯಮವು ಅರ್ಕಾವತ್ತಿನ ನಿಯಮಕ್ಕಿಂತ ಕೆಳಗಿಳಿದಿತ್ತು. ಅದನ್ನು ಹಿಂತೆಗೆದುಕೊಂಡರೆ ಮುಗಿಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಕಮಿಟ್ ಸಂದೇಶದಲ್ಲಿ, ‘ಕೋಟೆ’ಯಂಥ ಪದಗಳಲ್ಲಿ ಕೊಂಬು ಮೊದಲು ಸೇರಿ ನಂತರ ದೀರ್ಘ ಸೇರಲಿ ಎಂದೇ ಹೀಗೆ ಮಾಡಿದೆ ಎಂಬ ಕಾರಣ ಬರೆದಿತ್ತು. ನನ್ನ ಮಟ್ಟಿಗೆ ಗಿಟ್‌ನ ಬೆಲೆ ಇರುವುದು ಹಳೆಯ ಪ್ರತಿ ಮರಳಿ ಸಿಗುವುದಕ್ಕಿಂತ ಹೆಚ್ಚಾಗಿ ಇಂಥ ಸಾಲಿನಲ್ಲಿ; ಅದಿಲ್ಲದಿದ್ದರೆ ‘ನಿರ್ದೇಶಕ’ನನ್ನು ಉಳಿಸಲು ಹೋಗಿ ‘ಕೋಟೆ’ಯನ್ನು ಕೆಡವುತ್ತಿದ್ದೆವು. ಈಗ ಕೊಂಬು, ದೀರ್ಘ, ಅರ್ಕಾವತ್ತು ಎಂಬ ಕ್ರಮವಿದ್ದು, ಎರಡೂ ಪದಗಳು ಪರೀಕ್ಷಾ ಪಟ್ಟಿಗೆ ಅದೇ ಕಮಿಟ್‌ನಲ್ಲಿ ಸೇರಿವೆ.

ಗಿಟ್ ತಾನಾಗಿ ಯಾವ ತಪ್ಪನ್ನೂ ಹಿಡಿಯುವುದಿಲ್ಲ, ಕೆಟ್ಟ ಸಾಲನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಪರೀಕ್ಷೆ ಜೊತೆಗಿದ್ದರೆ, ಒಂದು ಕಮಿಟ್‌ನಲ್ಲಿ ಒಂದೇ ವಿಷಯವಿದ್ದರೆ ಮಾತ್ರ ಬೈಸೆಕ್ಟ್ ಹೇಳುವ ಉತ್ತರಕ್ಕೆ ಅರ್ಥ. ಅಕ್ಷರಗಳ ಹೊಂದಾಣಿಕೆ ಕೋಷ್ಟಕವು ಈವರೆಗೆ ಎಕ್ಸೆಲ್ ಕಡತದಲ್ಲಿದ್ದುದರಿಂದ ಅಲ್ಲಿ ಯಾವ ಸಾಲು ಬದಲಾಯಿತೆಂದು ಗಿಟ್ ತೋರಿಸುವ ವ್ಯತ್ಯಾಸಪಟ್ಟಿಯಾದ ಡಿಫ್‌ನಲ್ಲಿ ಕಾಣುತ್ತಿರಲಿಲ್ಲ. ಅದನ್ನು ಸಾಲಿಗೊಂದು ಅಕ್ಷರದಂತೆ ಸಾದಾ ಪಠ್ಯಕ್ಕೆ ಇಳಿಸಿದ್ದಾಗಿದೆ.

ಇನ್ನು ‘ರ‍್ಯಾಂಕ್’ ಬಾಕಿ ಇದೆ. ಇಲ್ಲಿ ಅರ್ಕಾವತ್ತು ಬರದೆ ‘ರ’ಕ್ಕೆ ಯ ಒತ್ತು ಬರಬೇಕಾದರೆ ‘ರ’ ಮತ್ತು ಅದರ ಸ್ವರ ತೆಗೆಯುವ ವಿರಾಮ (ಹಲಂತ) ಚಿಹ್ನೆಯ ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತವನ್ನು ಇಡಬೇಕು. ಆ ಕೆಲಸ ಕೋಡ್‌ನ ಪ್ರತ್ಯೇಕ ಶಾಖೆ, ಅಂದರೆ ಬ್ರಾಂಚ್‌ನಲ್ಲಿ ನಡೆದಿದ್ದು, ಹಳೆಯ ಪದಪಟ್ಟಿಯ ಪರೀಕ್ಷೆಗಳೆಲ್ಲ ದಾಟಿದ ಮೇಲಷ್ಟೇ ಮುಖ್ಯ ಶಾಖೆಗೆ ಸೇರುತ್ತದೆ.