ಒಂದು ಸೆಕೆಂಡ್!

ಮಂಗಳವಾರ ಎರಡನೇ ಪೀರಿಯಡ್. ಪ್ರಿನ್ಸಿಪಾಲ್ ಮೇಡಂ ಸದ್ದಿಲ್ಲದೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಆದರೂ ಗಂಟಲು ಒಣಗಿತು. ಬೋರ್ಡ್ ಮೇಲೆ 42ರಲ್ಲಿ 17 ಕಳೆಯುವ ಲೆಕ್ಕ. "ಎರಡರಲ್ಲಿ ಏಳು ಹೋಗುತ್ತಾ?" ಅಂದೆ. ಯಾವಾಗಲೂ ಏಳುವ ಅದೇ ಮೂರು ಕೈ ಎದ್ದವು. ಪಾಠ ಓಡಿತು.

ಬೆಲ್ ಆದ ಮೇಲೆ ಒಂದು ಚೀಟಿ ತೋರಿಸಿದರು. ಬರೀ ಅಂಕಿಗಳು.

"ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯ್ತೀರಿ ಅಂತ ಸುಮ್ನೆ ಎಣಿಸಿದೆ ಟೀಚರ್. ಹೆಚ್ಚಿನ ಸಲ ಒಂದು ಸೆಕೆಂಡ್."

ಒಂದು ಸೆಕೆಂಡ್! ಸಂಜೆಯೆಲ್ಲ ಅದೇ ಮಾತು ತಲೆಯೊಳಗೆ. ಹಿಂದಿನ ಪ್ರಿನ್ಸಿಪಾಲ್ ಆಗಿದ್ದರೆ ಪಾಠದ ಟಿಪ್ಪಣಿಗೆ ಸಹಿ ಹಾಕಿ, ಕಿಟಕಿ ಯಾಕೆ ತೆಗೆದಿಲ್ಲ ಎಂದು ಕೇಳಿ ಹೋಗುತ್ತಿದ್ದರು. ಕೆಟ್ಟವರಲ್ಲ ಪಾಪ, ಕಿಟಕಿ ಮೇಲೆ ಪ್ರೀತಿ ಜಾಸ್ತಿ.

ರಾತ್ರಿ ಹುಡುಕಿ ಓದಿದೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ಅಳೆದಿದ್ದರು. ಟೀಚರುಗಳು ಸರಾಸರಿ ಒಂದೇ ಸೆಕೆಂಡ್ ಕಾಯುತ್ತಾರಂತೆ. ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ಬಿಡದವರೂ ಮಾತಾಡುತ್ತಾರೆ. ಸದ್ಯ, ನಾನೊಬ್ಬಳೇ ಅಲ್ಲ.

ಆದರೂ ಬುಧವಾರ ಸ್ವಲ್ಪ ಖಾರವಾಗಿಯೇ ಹೇಳಿದೆ. "ಮೇಡಂ, ನಲವತ್ತು ಮಕ್ಕಳನ್ನ ಇಟ್ಕೊಂಡು ಕಾಯೋದು ಹೇಳಿದಷ್ಟು ಸುಲಭ ಅಲ್ಲ."

"ಹೌದಲ್ವಾ? ನಾಳೆ ನಿಮ್ಮ ಕ್ಲಾಸ್ ನಾನು ತಗೊಳ್ತೀನಿ. ನೀವು ಹಿಂದೆ ಕೂತು ಎಣಿಸಿ."

ಎಣಿಸಿದೆ. ಮೊದಲ ಪ್ರಶ್ನೆಗೆ ಒಂದು ಸೆಕೆಂಡ್. ಎರಡನೆಯದಕ್ಕೆ ಉತ್ತರವನ್ನೂ ಅವರೇ ಹೇಳಿಬಿಟ್ಟರು! ನನ್ನ ಕಡೆ ನೋಡಿ ನಕ್ಕು, ಮಕ್ಕಳಿಗೆ ಹೇಳಿದರು: "ನಿಮ್ಮ ಮಿಸ್ ನನ್ನ ತಪ್ಪು ಬರ್ಕೊಳ್ತಿದ್ದಾರೆ."

ಆ ನಗು ಈಗಲೂ ಕಣ್ಣ ಮುಂದಿದೆ. ಪ್ರೈಮರಿ ಟೀಚರ್ ಕೆಲಸ ಬಾಗಿಲು ಹಾಕಿಕೊಂಡು ಒಬ್ಬರೇ ಮಾಡುವಂಥದ್ದು. ನಮ್ಮ ತಪ್ಪು ನಮಗೇ ಕಾಣುವುದಿಲ್ಲ. ಕಂಡವರು ಹೇಳುವುದಿಲ್ಲ, ಇಲ್ಲವೇ ಫೈಲಿಗೆ ಹಾಕುತ್ತಾರೆ. ತರಬೇತಿಗೆ ಕಳಿಸುವ ಪ್ರಿನ್ಸಿಪಾಲರನ್ನು ನೋಡಿದ್ದೇನೆ. ಪೋಷಕರು ಕೂಗಾಡಿದಾಗ ನಮ್ಮ ಪರ ನಿಂತವರೂ ಒಬ್ಬರಿದ್ದರು, ಅವರನ್ನು ಮರೆಯಲಾರೆ. ಆದರೆ ಚೀಟಿ ಪೆನ್ನು ನನ್ನ ಕೈಗೆ ಕೊಟ್ಟು ತಾವು ಬೋರ್ಡ್ ಮುಂದೆ ನಿಂತವರು? ಇವರೇ ಮೊದಲು. ಹೊಗಳಿಕೆಯ ಮಾತು ಮಾತ್ರ ಇವರ ಬಾಯಲ್ಲಿ ಬರುವುದೇ ಇಲ್ಲ. ಅದು ಬೇರೆ ವಿಷಯ.

ಇವತ್ತು ನಾನೂ ಪ್ರಯತ್ನಿಸಿದೆ. ಪ್ರಶ್ನೆ ಕೇಳಿ ಮನಸ್ಸಲ್ಲೇ ಎಣಿಸಿದೆ. ಒಂದು. ಎರಡು. ಎಷ್ಟು ಉದ್ದ ಈ ಸೆಕೆಂಡುಗಳು! ಮೂರು ಅನ್ನುವಷ್ಟರಲ್ಲಿ ಕೊನೇ ಬೆಂಚಿನಿಂದ ಒಂದು ದನಿ ಬಂತು.

"ಮಿಸ್, ಮರೆತು ಹೋಯ್ತಾ?"