ಎಲ್ಲರೂ ನಕ್ಕು ನಾನು ನಗದ ಜಾಗಗಳು

ಇಂಗ್ಲಿಷಿನ ಗಂಭೀರ ಲೇಖನಗಳನ್ನು ಓದಿ ಅರ್ಥಮಾಡಿಕೊಳ್ಳುತ್ತಿದ್ದ ನನಗೆ, ಮನೆಯ ನಲ್ಲಿ ಸೋರುತ್ತಿದೆಯೆಂದು ಅದೇ ಭಾಷೆಯಲ್ಲಿ ಸಹಜವಾಗಿ ಹೇಳಲು ಬರುತ್ತಿರಲಿಲ್ಲ. ಸಂವಿಧಾನ, ಸಾರ್ವಭೌಮತ್ವ ಮೊದಲಾದವಕ್ಕೆ ಇಂಗ್ಲಿಷ್ ಪದಗಳು ತಿಳಿದಿದ್ದವು. ಒಗೆದ ಬಟ್ಟೆಗೆ ಅಂಟಿಕೊಳ್ಳುವ ನೂಲಿನ ಧೂಳಿಗೆ, ನಿನ್ನೆಯಿಂದ ಉಳಿದ ಅಡುಗೆಗೆ, ಕುಳಿತಲ್ಲೇ ತೂಕಡಿಸುವುದಕ್ಕೆ ಏನೆನ್ನುತ್ತಾರೆಂದು ತಿಳಿದಿರಲಿಲ್ಲ. ಲಿಂಟ್, ಲೆಫ್ಟೋವರ್ಸ್, ಡೋಜ್ ಆಫ್ ಎಂಬ ಈ ಮೂರನ್ನೂ ನಾನು ಕಲಿತದ್ದು ಕೈಯಲ್ಲಿ ಮೈಕ್ ಹಿಡಿದು, ಒಬ್ಬರೇ ನಿಂತು ಜನರನ್ನು ನಗಿಸುವ ಸ್ಟ್ಯಾಂಡ್-ಅಪ್ ಕಲಾವಿದರಿಂದ.

ಸಿನಿಮಾದಿಂದಲೂ ಭಾಷೆ ಕಲಿಯಬಹುದಲ್ಲ ಎಂದು ಕೇಳುವವರಿದ್ದಾರೆ. ನಾನೂ ಪ್ರಯತ್ನಿಸಿದ್ದೆ. ಆದರೆ ಸಿನಿಮಾದಲ್ಲಿ ಮುಖಭಾವ, ಸಂಗೀತ, ಹೊಡೆದಾಟ ಎಲ್ಲವೂ ಸೇರಿ ಕಥೆಯನ್ನು ದಾಟಿಸಿಬಿಡುವುದರಿಂದ, ಅರ್ಧ ಮಾತು ಕಿವಿಯಿಂದ ಜಾರಿಹೋದರೂ ಎಲ್ಲವೂ ತಿಳಿಯಿತೆಂಬ ಭ್ರಮೆಯಲ್ಲಿ ಎದ್ದು ಬರುತ್ತೇವೆ. ನಗೆಹನಿ ಅಂತಹ ರಿಯಾಯಿತಿ ಕೊಡುವುದಿಲ್ಲ. ಸಭೆಯೆಲ್ಲ ಗೊಳ್ಳೆಂದು ನಕ್ಕಾಗ ನಾನೊಬ್ಬ ಸುಮ್ಮನೆ ಕುಳಿತಿದ್ದರೆ, ನನಗೆ ತಿಳಿಯದ ಪದವು ಬಹುಮಟ್ಟಿಗೆ ಅದಕ್ಕೆ ಹಿಂದಿನ ಐದಾರು ಪದಗಳಲ್ಲೇ ಎಲ್ಲೋ ಅಡಗಿದೆಯೆಂದು ಗೊತ್ತಾಗುತ್ತದೆ. ಅಜ್ಞಾನ ಇರುವ ಜಾಗವನ್ನು ಇಷ್ಟು ಕರಾರುವಾಕ್ಕಾಗಿ ತೋರಿಸಿದ ಮೇಷ್ಟ್ರು ನನಗೆ ಬೇರೆ ಸಿಕ್ಕಿಲ್ಲ.

ಆ ಪದ ಅಲ್ಲಿಯೇ ಇರುವುದಕ್ಕೂ ಕಾರಣವಿದೆ. ಹಾಸ್ಯಗಾರರು ಮೊದಲು ಕಟ್ಟುವ ಸನ್ನಿವೇಶವನ್ನು ಸೆಟಪ್ ಎಂದೂ, ಅದನ್ನು ತಿರುಗಿಸಿ ನಗು ಹೊಮ್ಮಿಸುವ ಮಾತನ್ನು ಪಂಚ್‌ಲೈನ್ ಎಂದೂ ಕರೆಯುತ್ತಾರೆ. ಗುಟ್ಟು ಬಿಚ್ಚುವ ಪದವನ್ನು ಸಾಧ್ಯವಾದಷ್ಟೂ ವಾಕ್ಯದ ಕೊನೆಗೆ ತಳ್ಳುವುದು ಅವರ ಕಸುಬಿನ ಪಾಠ. ಮೆಚ್ಚಿದ ಒಂದು ನಗೆಹನಿಯನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಲು ಹೋಗಿ ನಾನು ಸೋತದ್ದು ಇಲ್ಲಿಯೇ: ನಮ್ಮ ವಾಕ್ಯದ ಕೊನೆಯ ಪೀಠ ಕ್ರಿಯಾಪದದ್ದಾದ್ದರಿಂದ, ಗುಟ್ಟಿನ ಪದ ನಡುವಿನಲ್ಲೇ ಹೊರಬಿದ್ದು, ‘ಇತ್ತು’ ಎಂಬಲ್ಲಿಗೆ ತಲುಪುವಷ್ಟರಲ್ಲಿ ನಗೆ ಆರಿಹೋಗಿತ್ತು.

ಬಿಡಿ ಪದಗಳಿಗಿಂತ ಹೆಚ್ಚಾಗಿ ನನ್ನನ್ನು ಬೆರಗುಗೊಳಿಸಿದ್ದು ಕಥೆ ಹೇಳುವ ಆಡುಮಾತಿನ ವ್ಯಾಕರಣ. ಅಮೆರಿಕದ ಹಾಸ್ಯಗಾರ ಕಳೆದ ವಾರದ ಘಟನೆಯನ್ನು ಹೇಳುವಾಗಲೂ ‘ಐಯಾಮ್ ಸ್ಟ್ಯಾಂಡಿಂಗ್ ಇನ್ ಲೈನ್’ ಎಂದು ವರ್ತಮಾನದಲ್ಲೇ ಶುರುಮಾಡುತ್ತಾನೆ. ಮರುಕ್ಷಣವೇ ‘ದಿಸ್ ಗೈ’ ಬರುತ್ತಾನೆ. ಯಾವ ಗೈ, ಹಿಂದೆಂದಾದರೂ ಅವನ ಪ್ರಸ್ತಾಪವಿತ್ತೇ ಎಂದು ನಾನು ಎಷ್ಟೋ ಸಲ ವಿಡಿಯೋವನ್ನು ಹಿಂದಕ್ಕೆ ಓಡಿಸಿದ್ದೇನೆ. ಆಮೇಲೆ ತಿಳಿಯಿತು, ಇಲ್ಲಿ ‘ದಿಸ್’ ಎಂದರೆ ‘ಈ’ ಅಲ್ಲ, ‘ಯಾರೋ ಒಬ್ಬ’. ಅವನು ಮಾತನಾಡಿದ್ದನ್ನು ‘ಸೆಡ್’ ಎಂದೂ ಹೇಳುವುದಿಲ್ಲ. ‘ಹೀ ಗೋಸ್’ ಅಥವಾ ‘ಹೀ ಈಸ್ ಲೈಕ್’ ಎನ್ನುತ್ತಾರೆ. ಅದಕ್ಕೆ ಕೊಡುವ ಉತ್ತರ ‘ಐಯಾಮ್ ಲೈಕ್’ ಎಂದು ಆರಂಭವಾಗುತ್ತದೆ, ಮತ್ತು ಆ ಉತ್ತರವನ್ನು ಬಾಯಿಬಿಟ್ಟು ಹೇಳಿದ್ದೋ ಮನಸ್ಸಿನಲ್ಲೇ ಅಂದುಕೊಂಡದ್ದೋ ಎಂಬುದನ್ನು ಬೇಕೆಂದೇ ಅಸ್ಪಷ್ಟವಾಗಿ ಉಳಿಸಬಹುದು. ನಾವು ‘ಅಂದ’ ಮತ್ತು ‘ಅಂದುಕೊಂಡ’ ಎಂದು ಬೇರ್ಪಡಿಸುವುದನ್ನು ಅವರು ಒಂದೇ ‘ಲೈಕ್’ನಲ್ಲಿ ಮುಗಿಸುತ್ತಾರೆ.

ನಾಮಪದಗಳಂತೂ ನಿಘಂಟಿನಲ್ಲಿ ಸಿಕ್ಕುತ್ತವೆ; ಕಷ್ಟವಿರುವುದು ಗೆಟ್, ಪುಟ್, ರನ್ ಮೊದಲಾದ ಪುಟ್ಟ ಕ್ರಿಯಾಪದಗಳ ಬಾಲಗಳಲ್ಲಿ. ವಿಮಾನಕ್ಕೆ ‘ಗೆಟ್ ಆನ್’ ಎಂದೂ ಕಾರಿಗೆ ‘ಗೆಟ್ ಇನ್’ ಎಂದೂ ಏಕೆ ಹೇಳಬೇಕೆಂದು ನಾನು ತಲೆ ಕೆಡಿಸಿಕೊಂಡಿದ್ದೆ. ಅಮೆರಿಕದ ಹಾಸ್ಯಗಾರ ಜಾರ್ಜ್ ಕಾರ್ಲಿನ್ ತನ್ನ 1992ರ ಪ್ರದರ್ಶನದಲ್ಲಿ ವಿಮಾನಯಾನದ ಭಾಷೆಯನ್ನು ಎಳೆಎಳೆಯಾಗಿ ಬಿಡಿಸುತ್ತ, ಸಾಹಸಿಗರು ಬೇಕಾದರೆ ವಿಮಾನದ ಮೇಲೆ ಕೂರಲಿ, ತಾನು ಮಾತ್ರ ಒಳಗೇ ಕೂರುತ್ತೇನೆ ಎಂಬರ್ಥದಲ್ಲಿ ತಕರಾರು ತೆಗೆಯುವುದನ್ನು ಕೇಳಿ ಸಮಾಧಾನವಾಯಿತು. ಇಂಗ್ಲಿಷನ್ನೇ ತಾಯ್ನುಡಿಯಾಗಿ ಪಡೆದವನಿಗೂ ಅದು ವಿಚಿತ್ರವೆನಿಸಿತ್ತಲ್ಲ! ಎರಡು ವಿಮಾನಗಳು ಕೂದಲೆಳೆಯಲ್ಲಿ ಪಾರಾಗುವುದನ್ನು ‘ನಿಯರ್ ಮಿಸ್’ ಎನ್ನುವುದಕ್ಕೂ ಅವನ ಆಕ್ಷೇಪವಿದೆ: ತಪ್ಪಿಹೋದ ಮೇಲೆ ಅದು ‘ನಿಯರ್ ಹಿಟ್’ ಆಗಬೇಕು. ಹಾಗೆಯೇ ಅಮೆರಿಕದ ಇನ್ನೊಬ್ಬ ಹಾಸ್ಯಗಾರ ಮಿಚ್ ಹೆಡ್‌ಬರ್ಗ್, ‘ಯೂಸ್ಡ್ ಟು’ ಎಂದರೆ ಹಿಂದೆ ಇದ್ದು ಈಗ ಬಿಟ್ಟ ಅಭ್ಯಾಸವೆಂದು ಕೇಳುವವರು ಊಹಿಸಿಕೊಳ್ಳುವುದನ್ನೇ ಹಿಡಿದು, ತಾನು ಹಿಂದೆ ಮಾಡುತ್ತಿದ್ದುದನ್ನು ಈಗಲೂ ಮಾಡುತ್ತೇನೆಂದು ಎರಡೇ ವಾಕ್ಯಗಳಲ್ಲಿ ಆ ಊಹೆಯನ್ನು ಬುಡಮೇಲು ಮಾಡುತ್ತಾನೆ. ವ್ಯಾಕರಣದ ಅಭ್ಯಾಸಗಳನ್ನು ತುಂಬಿದರೂ ಗಟ್ಟಿಯಾಗದ ಆ ಪ್ರಯೋಗ ನನಗೆ ಅಂದಿನಿಂದ ಮರೆತಿಲ್ಲ.

ನಾನು ಒಂದು ಗಂಟೆಯ ಪ್ರದರ್ಶನವನ್ನು ಒಮ್ಮೆಗೇ ನೋಡುವುದಿಲ್ಲ. ಐದು ನಿಮಿಷದ ತುಣುಕನ್ನು ಮೊದಲು ಸಬ್‌ಟೈಟಲ್ ಇಲ್ಲದೆ ಕೇಳಿ, ಸಭೆಗೆ ನಗು ಬಂದು ನನಗೆ ಬಾರದ ಜಾಗಗಳನ್ನು ಗುರುತು ಹಾಕಿಕೊಂಡು, ಎರಡನೆಯ ಸಲ ಇಂಗ್ಲಿಷ್ ಸಬ್‌ಟೈಟಲ್ ಹಾಕುತ್ತೇನೆ. ಈ ಕ್ರಮ ತಿರುಗುಮುರುಗಾದರೆ ಪ್ರಯೋಜನವಿಲ್ಲ, ಏಕೆಂದರೆ ಪರದೆಯ ಮೇಲಿನ ಸಾಲು ಪಂಚ್‌ಲೈನನ್ನು ಹಾಸ್ಯಗಾರನಿಗಿಂತ ಮೊದಲೇ ಹೇಳಿಬಿಡುತ್ತದೆ. ಕಣ್ಣು ನಕ್ಕ ಮೇಲೆ ಕಿವಿಗೆ ಕೆಲಸವಿರುವುದಿಲ್ಲ.

ವೇದಿಕೆಯ ಮಾತನ್ನು ಹಾಗೆಯೇ ಎತ್ತಿಕೊಂಡು ಬಂದು ಬಳಸುವುದರಲ್ಲಿ ಅಪಾಯವೂ ಇದೆ. ಬೈಗುಳಗಳ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ನನ್ನನ್ನು ಕೆಡವಿದ್ದು ಅಷ್ಟೇನೂ ಕೆಟ್ಟದ್ದಲ್ಲವೆಂದು ನಾನು ನಂಬಿದ್ದ ಒಂದು ಪದ. ಅಮೆರಿಕದವರ ಬಾಯಲ್ಲಿ ಕೇಳಿ ಕಲಿತಿದ್ದ ‘ಪಿಸ್ಡ್’ ಎಂಬುದನ್ನು, ಮೇಲಧಿಕಾರಿ ಬಹಳ ಸಿಟ್ಟಾಗಿದ್ದಾರೆಂಬ ಅರ್ಥದಲ್ಲಿ, ಬ್ರಿಟನ್ನಿನ ಸಹೋದ್ಯೋಗಿಯೊಬ್ಬರಿಗೆ ಫೋನಿನಲ್ಲಿ ಹೇಳಿದೆ. ಅವರು ಒಂದು ಕ್ಷಣ ಮೌನವಾಗಿದ್ದು, ಬೆಳಗಿನ ಹತ್ತು ಗಂಟೆಗೇ ಹೀಗಾದರೆ ಹೇಗೆ ಎಂದು ಕಾಳಜಿಯಿಂದ ವಿಚಾರಿಸಿದರು. ಅವರ ನಾಡಿನಲ್ಲಿ ಆ ಪದಕ್ಕೆ ಕುಡಿದು ಮತ್ತೇರಿದ್ದಾರೆ ಎಂದರ್ಥ.

ಈಗ ನನ್ನ ಟಿಪ್ಪಣಿ ಪುಸ್ತಕದಲ್ಲಿ ಪದ, ಅದು ಬಂದ ಸಂದರ್ಭ, ಹೇಳಿದವರು ಯಾವ ದೇಶದವರು ಎಂಬ ಮೂರನ್ನೂ ಬರೆದಿಡುತ್ತೇನೆ. ಹಾಸ್ಯಗಾರರೇ ತಮ್ಮ ಕಸುಬಿಗೆ ಬಳಸುವ ಪದಗಳಿಗೆ ಬೇರೊಂದು ಪುಟವಿದೆ. ಸಭೆಯನ್ನು ಚೆನ್ನಾಗಿ ನಗಿಸಿದರೆ ‘ಕಿಲ್’, ಯಾರೂ ನಗದಿದ್ದರೆ ‘ಡೈ’ ಅಥವಾ ‘ಬಾಂಬ್’ ಎನ್ನುವ ಅವರ ರಣರಂಗದ ಭಾಷೆಯನ್ನು ನೋಡಿದರೆ ನಗಿಸುವುದು ಎಷ್ಟು ಭಯದ ಕೆಲಸವೆಂದು ಊಹಿಸಬಹುದು. ಕೊನೆಯ ಪುಟದಲ್ಲಿ ಪ್ರತಿಯೊಂದು ಪದದ ಅರ್ಥ ತಿಳಿದ ಮೇಲೂ ನನಗೆ ನಗು ಬಾರದ ಏಳು ನಗೆಹನಿಗಳಿವೆ. ಮೊನ್ನೆ ತರಕಾರಿ ಹೆಚ್ಚುತ್ತಿದ್ದಾಗ ಅವುಗಳಲ್ಲಿ ಮೂರನೆಯದು ಇದ್ದಕ್ಕಿದ್ದಂತೆ ಹೊಳೆದು, ಚಾಕು ಕೆಳಗಿಟ್ಟು ಒಬ್ಬನೇ ನಕ್ಕೆ. ಇನ್ನು ಆರು ಉಳಿದಿವೆ.