ಮಾಳಿಗಿ ಮ್ಯಾಲಿನ ಇಟ್ಟಂಗಿ

ನಮ್ಮ ಸ್ಟುಡಿಯೋದ ಗೋಡೆಗೆ ಎರಡು ಕೌದಿ ಬಡಿದಿದ್ದೇವೆ. ಒಂದು ನಮ್ಮವ್ವ ಹೊಲಿದದ್ದು, ಇನ್ನೊಂದು ಜೊತೆಗೆ ಕೆಲಸ ಮಾಡುವವರ ಮನೆಯಿಂದ ಬಂದದ್ದು. ಹಳೆಯ ಸೀರೆ, ಧೋತರ, ಅಂಗಿಗಳ ಪದರು ಪದರು ಸೇರಿಸಿ ಹೊಲಿದ ಕೌದಿ ದನಿಯನ್ನು ಎಷ್ಟು ಚಲೋ ಹೀರಿಕೊಳ್ಳುತ್ತದೆಂದರೆ, ರೊಕ್ಕ ಕೊಟ್ಟು ಫೋಮ್ ಶೀಟು ತರಿಸುವ ವಿಚಾರವನ್ನೇ ನಾವು ಬಿಟ್ಟೆವು. ಆದರೆ ಧಾರವಾಡದ ಮಳೆಯ ಮುಂದೆ ಕೌದಿಯದೇನೂ ನಡೆಯುವುದಿಲ್ಲ. ತಲೆಯ ಮೇಲೆ ತಗಡಿನ ಶೀಟು. 2022ರ ಜುಲೈ 31, ರವಿವಾರ ಸಂಜೆ. ಶ್ರಾವಣ ಹಿಡಿದು ಮೂರನೆಯ ದಿನ. ಹೆಡ್‌ಫೋನ್ ಹಾಕಿಕೊಂಡರೆ ನನ್ನ ದನಿಗಿಂತ ಮಳೆಯ ದನಿಯೇ ಮುಂದೆ ಕೇಳುತ್ತಿತ್ತು.

ಪಂಚಮಿಗೆ ಎರಡು ದಿನ ಉಳಿದಿದ್ದವು. ಮನೆಯಲ್ಲಿ ಶೇಂಗಾ ಹುರಿದು ಸಿಪ್ಪಿ ತೆಗೆಯುವ ಕೆಲಸ ಹಾಗೇ ಬಿಟ್ಟು ಬಂದಿದ್ದೆ. ವಾರದ ಆರು ದಿನ ನನ್ನದು ಝೆರಾಕ್ಸ್, ಡಿಟಿಪಿ ಅಂಗಡಿ. ರವಿವಾರ ಸಂಜೆ ಏಳರಿಂದ ಎಂಟರವರೆಗೆ ಮಾತ್ರ ಈ ಮೈಕು ನನ್ನದು. ಆ ಒಂದು ತಾಸನ್ನು ನಾನು ಹಬ್ಬಕ್ಕೂ ಬಿಟ್ಟುಕೊಡುವವಳಲ್ಲ.

ನಮ್ಮದು ಸಮುದಾಯ ಬಾನುಲಿ. ಇಂಥ ಕೇಂದ್ರಗಳಿಗೆ ಸಿಗುವ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಅಂದರೆ ಹಿಂದೆ ಪಡಸಾಲೆಯಲ್ಲಿ ಉರಿಯುತ್ತಿದ್ದ ಒಂದು ದೊಡ್ಡ ಬಲ್ಬಿನಷ್ಟು. ಹತ್ತು-ಹನ್ನೆರಡು ಕಿಲೋಮೀಟರ್ ದಾಟಿದ ಮೇಲೆ ಕೇಳಿಸಿದರೆ ಅವರ ಪುಣ್ಯ. 1950ರಿಂದ ಆಕಾಶವಾಣಿ ಇರುವ ಊರಿದು. ಬೇಂದ್ರೆಯವರು ಅದರ ಸಲಹೆಗಾರರಾಗಿದ್ದರು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರನ್ನು ಕೇಳಿ ಪಳಗಿದ ಕಿವಿಗಳಿವು. ಅಂಥ ಊರಲ್ಲಿ ನಾನು ಹಚ್ಚುವುದು ಅಮೆರಿಕದ ರಾಕ್ ಮತ್ತು ಕಂಟ್ರಿ ಹಾಡು. ಮಾತು ಮಾತ್ರ ಪೂರ್ತಿ ಧಾರವಾಡ ಕನ್ನಡ.

ಸ್ಟುಡಿಯೋದಲ್ಲಿ ನನ್ನ ಕಾರ್ಯಕ್ರಮಕ್ಕೆ ಎಲ್ಲರೂ ಗಿರ್ಮಿಟ್ ಅಂತಲೇ ಅನ್ನುತ್ತಾರೆ. ನನಗದು ಭಾಳ ಸೇರಿದ ಹೆಸರು. ಗಿರ್ಮಿಟ್ಟನ್ನು ಮೊದಲೇ ಕಲಿಸಿ ಇಟ್ಟರೆ ಚುರುಮುರಿ ಮೆತ್ತಗಾಗುತ್ತದೆ, ಗಿರಾಕಿ ಬಂದ ಮೇಲೆಯೇ ಗೊಜ್ಜು, ಪುಟಾಣಿ ಹಿಟ್ಟು, ಉಳ್ಳಾಗಡ್ಡಿ ಹಾಕಿ ಕಲಿಸಬೇಕು. ನಾನೂ ಹಾಡಿನ ಪಟ್ಟಿಯನ್ನು ಮೊದಲೇ ಗಟ್ಟಿ ಮಾಡಿ ತರುವುದಿಲ್ಲ. ಹೊರಗಿನ ಹವೆ ನೋಡಿ, ಹಿಂದಿನ ಹಾಡು ಯಾವ ಸ್ವರಕ್ಕೆ ನಿಂತಿತೋ ಕೇಳಿ, ಮುಂದಿನದನ್ನು ಆರಿಸುತ್ತೇನೆ. ಕ್ಯಾಲಿಫೋರ್ನಿಯಾದ ಹುಡುಗರಾಗಿಯೂ ಲೂಸಿಯಾನಾದ ಜೌಗು ನೆಲದ ಹಾಡು ಹಾಡಿದ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಆದ ಮೇಲೆ ಜಾನಿ ಕ್ಯಾಶ್, ಆಮೇಲೆ ಒಂದು ತತ್ವಪದ. ಏಕತಾರಿಯ ಒಂಟಿ ತಂತಿಗೂ ಕ್ಯಾಶ್‌ನ ಹಿಂದೆ ಬಡಿಯುವ ಆ ಒಂದೇ ಬಗೆಯ ಗಿಟಾರಿಗೂ ನಡುವೆ ನಾನು ಏನೂ ಹೇಳುವುದಿಲ್ಲ. ಅಲ್ಲಿ ಮಾತು ಹಾಕಿದರೆ ಕೆಟ್ಟಿತು.

ಕಂಟ್ರಿ ಹಾಡು ಇಲ್ಲಿಯವರಿಗೆ ಹತ್ತುವುದಿಲ್ಲ ಎಂದು ಶುರುವಿನಲ್ಲಿ ಬಹಳ ಮಂದಿ ಹೇಳಿದ್ದರು. ಹತ್ತಿದ್ದು ಸ್ಟೀಲ್ ಗಿಟಾರಿನಿಂದ. ತಂತಿಯ ಮೇಲೆ ಉಕ್ಕಿನ ಸಲಾಕೆ ಜಾರಿಸಿ ನುಡಿಸುವ ಆ ವಾದ್ಯ ಹವಾಯಿ ದ್ವೀಪಗಳಿಂದ ಅಮೆರಿಕಕ್ಕೂ ಹೋಯಿತು, ನಮ್ಮ ದೇಶಕ್ಕೂ ಬಂತು. ಅಲ್ಲಿ ಕಂಟ್ರಿ ಹಾಡಿನ ಜೀವಾಳವಾಯಿತು. ಇಲ್ಲಿ ಬ್ರಿಜ್‌ಭೂಷಣ ಕಾಬ್ರಾ, ವಿಶ್ವಮೋಹನ ಭಟ್ಟರ ಕೈಯಲ್ಲಿ ರಾಗ ನುಡಿಯಿತು. ಭಟ್ಟರು ಅಮೆರಿಕದ ರೈ ಕೂಡರ್ ಜೊತೆ ಕೂತು ನುಡಿಸಿದ್ದಕ್ಕೆ 1994ರಲ್ಲಿ ಗ್ರ್ಯಾಮಿಯೂ ಬಂತು. ಸಿತಾರಿನ ರಹಿಮತ್ ಖಾನರು ನೆಲೆ ನಿಂತ ಊರಿನ ಜನಕ್ಕೆ ಈ ಜಾರುವ ಸ್ವರ ಹೊಸತೇನಲ್ಲ, ಹಿಂದುಸ್ತಾನಿಯಲ್ಲಿ ಅದಕ್ಕೆ ಮೀಂಡ್ ಎನ್ನುತ್ತಾರೆ. ಒಬ್ಬ ಹಿರಿಯರು ಫೋನ್ ಮಾಡಿ, ‘ಇದು ಮೀಂಡ್ ಅಲ್ಲೇನ್ರೀ?’ ಅಂದಾಗ ನನಗೆ ಧೈರ್ಯ ಬಂತು. ಯೋಡೆಲ್ ಕೇಳಿದ ಇನ್ನೊಬ್ಬರು ಮಾತ್ರ, ‘ಪಾಪ, ಅಂವನ ಧ್ವನಿ ಒಡದೈತೇನವಾ?’ ಅಂತ ಕೇಳಿದ್ದರು. ಎದೆಯ ದನಿಯಿಂದ ಒಮ್ಮೆಲೇ ಕಳ್ಳದನಿಗೆ ಹಾರುವುದೇ ಅದರ ಹದ ಎಂದು ಹಾಡಿ ತೋರಿಸಲು ನನಗೆ ಬರುವುದಿಲ್ಲ, ಹಾಗಾಗಿ ಅದೇ ಹಾಡನ್ನು ಮತ್ತೊಮ್ಮೆ ಹಚ್ಚಿದೆ.

ಆ ರವಿವಾರ ಇಬ್ಬರನ್ನು ಇಟ್ಟುಕೊಂಡಿದ್ದೆ. ಒಬ್ಬ ಜಿಮ್ ರೀವ್ಸ್, ಏಕೆಂದರೆ ಅವನು ಸತ್ತದ್ದು 1964ರ ಇದೇ ಜುಲೈ 31ಕ್ಕೆ. ತಾನೇ ಸಣ್ಣ ವಿಮಾನ ನಡೆಸಿಕೊಂಡು ನ್ಯಾಶ್‌ವಿಲ್‌ಗೆ ಮರಳುವಾಗ ಗುಡುಗು-ಮಳೆಯಲ್ಲಿ ಸಿಕ್ಕುಬಿದ್ದ. ಅವನು, ಅವನ ಪಿಯಾನೋ ವಾದಕ, ಇಬ್ಬರೂ ಹೋದರು. ವಿಮಾನ ಸಿಕ್ಕಿದ್ದು ಎರಡು ದಿನ ಹುಡುಕಿದ ಮೇಲೆ. ಅವನಿಗಿನ್ನೂ ನಲವತ್ತು. ಹಾಡುಗಾರನಾಗಿ ಹೆಸರು ಮಾಡುವ ಮೊದಲು ಅವನು ರೇಡಿಯೋ ಉದ್ಘೋಷಕ. ಬಾಯಿಯನ್ನು ಮೈಕಿನ ತೀರ ಹತ್ತಿರ ಒಯ್ದು, ಪಕ್ಕದಲ್ಲಿ ಕೂತವರೊಡನೆ ಮಾತಾಡಿದ ಹಾಗೆ ಹಾಡುವುದು ಅವನ ರೀತಿ. ಮೈಕಿನ ಮುಂದೆ ಕೂಗಬಾರದು ಎಂಬುದನ್ನು ನಾನು ಕಲಿತದ್ದು ಅವನನ್ನು ಕೇಳಿಯೇ.

ಇನ್ನೊಬ್ಬ ಯೋಡೆಲ್‌ಗೇ ಹೆಸರಾದ ಹಾಡುಗಾರ ಜಿಮ್ಮಿ ರಾಜರ್ಸ್. ಮಿಸಿಸಿಪಿಯ ರೈಲ್ವೆ ಕೆಲಸಗಾರನ ಮಗ, ತಾನೂ ರೈಲಿನಲ್ಲೇ ಬ್ರೇಕ್‌ಮನ್. 1924ರಲ್ಲಿ ಕ್ಷಯ ಹತ್ತಿತು, ರೈಲು ಬಿಡಬೇಕಾಯಿತು. 1927ರ ಆಗಸ್ಟ್‌ನಲ್ಲಿ ಬ್ರಿಸ್ಟಲ್ ಎಂಬ ಊರಲ್ಲಿ ಮೊದಲ ರೆಕಾರ್ಡಿಂಗ್. ಅಲ್ಲಿಂದ ಆರು ವರ್ಷ ಅಷ್ಟೇ. 1933ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಮಂಚದ ಮೇಲೆ ಮಲಗಿ ಸುಧಾರಿಸಿಕೊಂಡು ಹಾಡಿದ, ಎರಡು ದಿನಕ್ಕೆ ತೀರಿಹೋದ. ಮೂವತ್ತೈದು ವರ್ಷ. ಹೆಣ ಊರಿಗೆ ಬಂದದ್ದು ರೈಲಿನಲ್ಲೇ. ಇದನ್ನೆಲ್ಲ ಹೇಳುವಾಗ, ಬ್ರೇಕ್‌ಮನ್ ಎಂದರೇನು ಎಂದು ತಿಳಿಸುವ ಉಮೇದಿಯಲ್ಲಿ, ‘ಎಂಜಿನ್‌ದಾಗ ಡ್ರೈವರನ ಬಾಜೂ ನಿಂತು ಬ್ರೇಕ್ ಹಾಕಾಂವ’ ಅಂದುಬಿಟ್ಟೆ. ಓದಿ ತಿಳಿದು ಹೇಳಿದ್ದಲ್ಲ. ಹೆಸರಿನಿಂದ ಅಂದಾಜು ಮಾಡಿ ಹೇಳಿದ್ದು.

ಹಾಡು ಹಚ್ಚಿ ಫೇಡರ್ ಏರಿಸಿದೆ. ಒಂದು ನಿಮಿಷವೂ ಆಗಿರಲಿಲ್ಲ, ಫೋನು ಬಂತು.

‘ತಂಗೀ, ನೀ ಹೇಳಿದ್ದು ತಪ್ಪು. ಡ್ರೈವರನ ಬಾಜೂ ಇರಾಂವ ಫೈರ್‌ಮನ್, ಕಲ್ಲಿದ್ದಲಿ ಹಾಕಾಂವ. ಬ್ರೇಕ್‌ಮನ್ ಎಂಜಿನ್‌ದಾಗ ನಿಂದ್ರೂದಿಲ್ಲ.’

‘ನೀವು ಯಾರ್ರೀ ಕಾಕಾ?’

‘ಗಾರ್ಡ್ ಇದ್ದೆ. ಮೂವತ್ತನಾಕ ವರ್ಷ. ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್.’

ಅವರ ಮಾತಿನ ಹಿಂದೆ ಸರಸರ ಸಪ್ಪಳ. ರೇಡಿಯೋದ ಗರಗರ ಇರಬೇಕು ಅಂದುಕೊಂಡೆ. ‘ಎಲ್ಲಿಂದ ಮಾತಾಡಾಕತ್ತೀರಿ?’ ಅಂದರೆ, ‘ನವನಗರದಾಗ, ಮಾಳಿಗಿ ಮ್ಯಾಲ. ಛತ್ರಿ ಹಿಡಕೊಂಡ ನಿಂತೀನಿ. ಕೆಳಗ ಮನ್ಯಾಗ ನಿಮ್ಮ ಸ್ಟೇಶನ್ ಹಿಡಿಯೂದಿಲ್ಲ’ ಅಂದರು.

ತಪ್ಪು ಹೇಳಿದ್ದು ಎಲ್ಲರಿಗೆ ಕೇಳುವ ಹಾಗೆ, ತಿದ್ದುವುದೂ ಹಾಗೆಯೇ ಆಗಬೇಕು. ನಮ್ಮಲ್ಲಿ ಫೋನನ್ನು ಮಿಕ್ಸರಿಗೆ ಜೋಡಿಸುವ ಪೆಟ್ಟಿಗೆ ಆಗ ಕೆಟ್ಟು ಕೂತಿತ್ತು. ಹಾಡು ಮುಗಿಯುತ್ತಲೇ ಮೊಬೈಲಿನ ಸ್ಪೀಕರ್ ಹಚ್ಚಿ ಮೈಕಿನ ಮುಂದೆ ಹಿಡಿದೆ. ಹತ್ತಿರ ಒಯ್ದರೆ ದನಿ ಸಿಡಿಯುತ್ತದೆ, ದೂರ ಹಿಡಿದರೆ ಮಳೆ ನುಂಗುತ್ತದೆ. ನಾಲ್ಕು ಬೆರಳಿನ ಅಂತರದಲ್ಲಿ ಕೈ ಗಟ್ಟಿಯಾಗಿ ಹಿಡಿದು ಕೂತೆ. ಎರಡೂ ಕಡೆಯ ಮಳೆ ಸೇರಿ ಒಂದೇ ಮಳೆಯಾಗಿ ಪ್ರಸಾರವಾಯಿತು.

ಕಾಕಾ ಹೇಳಿದ್ದು ಹೀಗೆ. ಗಾಳಿಯ ಒತ್ತಡದ ಬ್ರೇಕು ಬರುವ ಮುಂಚೆ ಡ್ರೈವರನೊಬ್ಬನಿಂದ ಇಡೀ ಗಾಡಿ ನಿಲ್ಲುತ್ತಿರಲಿಲ್ಲ. ಅವನು ಸೀಟಿ ಹೊಡೆದರೆ ಬ್ರೇಕ್‌ಮನ್‌ಗಳು ಡಬ್ಬಿಯಿಂದ ಡಬ್ಬಿಗೆ ಹೋಗಿ ಕೈಚಕ್ರ ತಿರುವಿ ಬ್ರೇಕ್ ಬಿಗಿಯಬೇಕು. ಅಮೆರಿಕದಲ್ಲಿ ಓಡುವ ಗಾಡಿಯ ಮಾಡಿನ ಮೇಲೆಯೇ ನಡೆಯುತ್ತಿದ್ದರಂತೆ, ಮಳೆ, ಹಿಮ ಏನೇ ಇರಲಿ. ‘ನಮ್ಮ ಕಾಲಕ್ಕ ವ್ಯಾಕ್ಯೂಮ್ ಬ್ರೇಕ್ ಇದ್ವು. ಆದ್ರೂ ಗಾರ್ಡನ ಡಬ್ಬಿಗೆ ಬ್ರೇಕ್‌ವ್ಯಾನ್ ಅಂತನ ಹೆಸರು. ಒಳಗೊಂದು ಕೈಚಕ್ರ. ಕ್ಯಾಸಲ್‌ರಾಕಿನಿಂದ ಕುಳೆಂಗೆ ಇಳಿಯೂ ಘಾಟಿನಾಗ 37 ಫೂಟಿಗೆ ಒಂದ ಫೂಟ ಇಳಕಲ. ರಾತ್ರಿ, ಮಳಿ, ಹಿಂದ ಕಡೀ ಡಬ್ಬ್ಯಾಗ ನಾ ಒಬ್ಬಾಂವ. ಚಕ್ರದ ಮ್ಯಾಲ ಕೈ ಇಟಗೊಂಡ ಕುಂದರತಿದ್ದೆ.’

‘ಆಗ ಏನು ಮಾಡತಿದ್ರಿ ಕಾಕಾ, ಹೊತ್ತು ಹೋಗಾಕ?’

‘ಹಾಡತಿದ್ದೆ. ಶರೀಫಜ್ಜನ ಪದ. ಕೇಳಾಕ ಯಾರಿರತಿದ್ರು, ಜೋರಾಗೇ ಹಾಡತಿದ್ದೆ. ಈಗ ನೀ ಹಚ್ಚಿದೆಲ್ಲಾ, ಅಂವನೂ ಹಂಗ ಹಾಡಿದ್ದಾನ. ಗಾಡಿ ಸಪ್ಪಳದ ಮ್ಯಾಲ ಕೇಳಬೇಕಲ್ಲ, ಅದಕ್ಕ ದನಿ ಮ್ಯಾಲ ಒಗದಾನ.’

ಯೋಡೆಲ್ ಬಗ್ಗೆ ನಾನು ಓದಿದ್ದು ಎಷ್ಟೋ. ರೈಲಿನ ಸೀಟಿಯಂತಿದೆ ಎಂದು ಬರೆದವರೂ ಉಂಟು. ಬ್ರೇಕ್‌ವ್ಯಾನಿನಲ್ಲಿ ಒಬ್ಬನೇ ಕೂತು ಹಾಡಿದವರ ಬಾಯಿಂದ ಅದರ ಮಾತು ಕೇಳಿದ್ದು ಅದೇ ಮೊದಲು. ಗಡಿಯಾರ ನೋಡಿದೆ, ಏಳು ನಲವತ್ತು. ಜಿಮ್ ರೀವ್ಸ್‌ಗೆ ಹೊತ್ತಾಗಿತ್ತು. ಫೋನು ಇಡಿ ಅನ್ನಲು ಮನಸ್ಸಾಗದೆ, ‘ಕೇಳಿಕೊಂತ ಇರ್ರಿ’ ಎಂದು ಹಾಡು ಹಚ್ಚಿದೆ.

ಹಾಡು ಮುಗಿದಾಗ ಆ ಕಡೆ ಮಾತಿಲ್ಲ, ಮಳೆ ಅಷ್ಟೇ. ಕಟ್ ಆಯಿತೇನೋ ಎಂದು ಮೊಬೈಲ್ ನೋಡಿದೆ. ಆಗಿರಲಿಲ್ಲ.

‘ಕಾಕಾ?’

‘ಇಂವನ್ನ ನಾ ಸಣ್ಣಾಂವಿದ್ದಾಗ ಕೇಳೀನಿ’ ಅಂದರು. ಹುಬ್ಬಳ್ಳಿಯ ರೈಲ್ವೆ ಕಾಲೊನಿ, ತಂದೆಯವರದು ವರ್ಕ್‌ಶಾಪಿನ ಕೆಲಸ. ಬಾಜೂ ಮನೆಯಲ್ಲಿ ಆಂಗ್ಲೋ-ಇಂಡಿಯನ್ ಡ್ರೈವರ್ ಇದ್ದರು. ‘ಆ ಮನೀ ಆಂಟಿ ಸಂಜೀಕ ರೇಡಿಯೋ ಸಿಲೋನ್ ಹಚ್ಚಿ ಕಿಡಕಿ ತೆರದಿಡತಿದ್ರು. ನಾವು ಕಟ್ಟೀ ಮ್ಯಾಲ ಕುಂತು ಕೇಳತಿದ್ವಿ. ಇಂಗ್ಲಿಷ್ ತಿಳೀತಿರಲಿಲ್ಲ. ಈ ದನಿ ನೆನಪೈತಿ. 67-68 ಇರಬೇಕು.’ ಸ್ವಲ್ಪ ಹೊತ್ತು ಬಿಟ್ಟು, ‘ನೀ ಏನಂದಿ, 64ರಾಗ ತೀರಿಕೊಂಡ ಅಂದೆಲ್ಲಾ? ನಾ ಕೇಳಾಕತ್ತಾಗ ಅಂವ ಇರಲೇ ಇಲ್ಲ ಅಂದಂಗಾತು. ಆಂಟಿಗೆ ಗೊತ್ತಿತ್ತೋ ಏನೋ. ನನಗ ಇವತ್ತ ಗೊತ್ತಾತು ನೋಡವಾ.’

ನಾನು ಮೈಕಿನ ಮುಂದೆ ಕೂತು ಇಷ್ಟು ವರ್ಷವಾಯಿತು, ಏನು ಹೇಳಬೇಕೆಂದು ತಿಳಿಯದೆ ಸುಮ್ಮನಿದ್ದುದು ಅದೊಂದೇ ಸಲ. ರೀವ್ಸ್ ಸತ್ತ ಮೇಲೂ ಅವನ ಹೆಂಡತಿ ಮೇರಿ ಉಳಿದ ರೆಕಾರ್ಡಿಂಗುಗಳನ್ನು ವರ್ಷ ವರ್ಷ ಹೊರಗೆ ತಂದರು, ಆ ಹಾಡುಗಳು ಮೊದಲಿನಷ್ಟೇ ಓಡಿದವು. ಇದು ನನಗೆ ಗೊತ್ತಿದ್ದ ಸಂಗತಿ, ಅವತ್ತು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡೂ ಇದ್ದೆ. ಹೇಳಲಿಲ್ಲ. ಕಾಕಾ ಕಟ್ಟೆಯ ಮೇಲೆ ಕೂತು ಕೇಳಿದ್ದು ಅದೇ ಹಾಡುಗಳನ್ನಿರಬಹುದು, ಅಷ್ಟರ ಮೇಲೆ ಚೀಟಿ ಓದಿ ಆಗಬೇಕಾದ್ದೇನಿತ್ತು?

ಹೊಸ ಹಾಡನ್ನು ಊರಿಗೆ ತಂದವಳು ನಾನು ಎಂದು ಅಲ್ಲಿಯವರೆಗೆ ಮನಸ್ಸಿನೊಳಗೆ ಒಂದು ಎಣಿಕೆ ಇತ್ತು. ಅಣ್ಣನ ಹಾಸ್ಟೆಲ್ ರೂಮಿನಿಂದ ಬಂದ ಕ್ಯಾಸೆಟ್ಟುಗಳಿಂದಲೇ ಇದೆಲ್ಲ ಶುರುವಾಯಿತು ಎಂದು ಎಷ್ಟೋ ಸಲ ಮೈಕಿನಲ್ಲಿ ಹೇಳಿಕೊಂಡಿದ್ದೂ ಉಂಟು. ನಾನು ಹುಟ್ಟುವುದಕ್ಕೂ ಮೊದಲೇ ಆ ಹಾಡು ಹುಬ್ಬಳ್ಳಿಯ ಒಂದು ಕಿಡಕಿಯಿಂದ ಕಟ್ಟೆಗೆ ಇಳಿದಿತ್ತು.

ರಾತ್ರಿ ಮನೆಗೆ ಬಂದು ಬ್ರೇಕ್‌ಮನ್ ಕೆಲಸದ ಬಗ್ಗೆ ಸರಿಯಾಗಿ ಓದಿದೆ. ಕೈಚಕ್ರ ತಿರುವಲು ಹೋಗಿ, ಡಬ್ಬಿ ಜೋಡಿಸಲು ಹೋಗಿ ಅಲ್ಲಿ ಎಷ್ಟು ಜನ ಕೈ-ಕಾಲು, ಜೀವ ಕಳೆದುಕೊಂಡರೆಂದರೆ, 1893ರಲ್ಲಿ ಅಮೆರಿಕ ಸರ್ಕಾರ ಅದಕ್ಕೆಂದೇ ಕಾಯ್ದೆ ತಂದಿತು. ಪ್ರಸಾರವಾದದ್ದನ್ನು ಮೂರು ತಿಂಗಳು ಕಾಪಿಡಬೇಕೆಂಬುದು ನಮ್ಮಂಥ ಕೇಂದ್ರಗಳಿಗಿರುವ ನಿಯಮ. ಮರುದಿನ ಹೋಗಿ ಆ ತಾಸನ್ನು ಪೂರ್ತಿ ಕೇಳಿದೆ. ನನ್ನ ತಪ್ಪೂ ಇದೆ, ಕಾಕಾನ ಮಾತೂ ಇದೆ, ನಡುವೆ ನಾನು ಸುಮ್ಮನಿದ್ದ ಹೊತ್ತು ಎಣಿಸಿದರೆ ಹನ್ನೊಂದು ಸೆಕೆಂಡು. ಇಷ್ಟು ಹೊತ್ತು ಖಾಲಿ ಬಿಡಬಾರದು ಎಂದು ಕಲಿಸಿಕೊಟ್ಟವರು ಆ ಭಾಗ ಕೇಳಿ ಏನೂ ಅನ್ನಲಿಲ್ಲ.

ಪಂಚಮಿ ಮುಗಿದ ಮರುದಿನ, ಬುಧವಾರ, ರೆಕಾರ್ಡರ್ ತೆಗೆದುಕೊಂಡು ಕಾಕಾನ ಮನೆಗೆ ಹೋದೆ. ಚಿಗರಿ ಬಸ್ಸಿನಲ್ಲಿ ನವನಗರ, ಅಲ್ಲಿಂದ ನಡೆದು ಐದು ನಿಮಿಷ. ಕಾಕೂ ಎಳ್ಳುಂಡಿ, ಶೇಂಗಾ ಉಂಡಿ ತಾಟು ತುಂಬ ಇಟ್ಟರು. ಕಾಕಾನ ಹಸಿರು ಬಾವುಟ, ಕೆಂಪು ಬಾವುಟ ಎರಡೂ ಕಪಾಟಿನಲ್ಲಿ ಸುರುಳಿ ಸುತ್ತಿಟ್ಟಿದ್ದವು. ಒಂದು ತಾಸು ಮಾತಾಡಿದರು, ಘಾಟಿನದು, ಮೀಟರ್‌ಗೇಜ್ ಕಿತ್ತು ಬ್ರಾಡ್‌ಗೇಜ್ ಹಾಕಿದ್ದು. ಹುಬ್ಬಳ್ಳಿ ಸ್ಟೇಶನ್ನಿನ ಪ್ಲಾಟ್‌ಫಾರ್ಮ್ ಉದ್ದ ಮಾಡುತ್ತಿದ್ದುದರ ಮೇಲೂ ಅವರಿಗೆ ಬಲು ಅಭಿಮಾನ. ಮುಂದಿನ ಮಾರ್ಚಿನಲ್ಲಿ 1,507 ಮೀಟರಿನ ಆ ಪ್ಲಾಟ್‌ಫಾರ್ಮ್ ಉದ್ಘಾಟನೆಯಾದಾಗ ಮೊದಲು ಫೋನ್ ಮಾಡಿ ಹೇಳಿದವರೂ ಅವರೇ.

ಆಮೇಲೆ, ‘ಬಾ, ತೋರಸತೀನಿ’ ಎಂದು ಮೇಲೆ ಕರೆದೊಯ್ದರು. ಮಾಳಿಗೆಯ ತುದಿಗೆ, ನೀರಿನ ಟಾಕಿಯ ಬದಿಗೆ, ಪ್ಯಾರಾಪಿಟ್ ಗೋಡೆಯ ಮೇಲೆ ಒಂದು ಇಟ್ಟಂಗಿ ಇತ್ತು. ಮಳೆಗೆ ಹಸಿರು ಪಾಚಿ ಹಿಡಿದಿತ್ತು, ಮೇಲಿನ ಮೈ ಮಾತ್ರ ರೇಡಿಯೋ ಇಟ್ಟು ಇಟ್ಟು ಸ್ವಚ್ಛವಾಗಿತ್ತು. ಕಾಕಾ ತಮ್ಮ ಸಣ್ಣ ರೇಡಿಯೋವನ್ನು ಅದರ ಮೇಲಿಟ್ಟು ಏರಿಯಲ್ ಎಳೆದರು. ನಮ್ಮ ಕೇಂದ್ರದ್ದೇ ದನಿ, ಯಾರೋ ಸೋಯಾಬೀನಿನ ಕೀಟದ ಬಗ್ಗೆ ಹೇಳುತ್ತಿದ್ದರು.

‘ಎಲ್ಲಾ ಕಡೆ ಇಟ್ಟ ನೋಡೀನಿ. ಇಲ್ಲೇ ಬರತೈತಿ. ಬೇಕಾರ ನೀನೂ ನೋಡು.’

ನಾನು ರೇಡಿಯೋವನ್ನು ಎತ್ತಿ ಒಂದು ಮೊಳ ಬಲಕ್ಕೆ ಸರಿಸಿದೆ. ಬರೀ ಗರಗರ. ಮತ್ತೆ ಇಟ್ಟಂಗಿಯ ಮೇಲೆ ಇಟ್ಟೆ. ಸೋಯಾಬೀನು ಬಂತು.